ಮದುವೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವುದು: ಬೂಷ್ಟಿನಿಂದ ಗಟ್ಟಿಮೇಳದವರೆಗೆ

ನಮ್ಮನೆ ಅಟ್ಟದ ಮೇಲೆ ಒಂದು ರಟ್ಟಿನ ಡಬ್ಬ ಇತ್ತು. ಒಳಗೆ 14 ವಿಡಿಯೋ ಕ್ಯಾಸೆಟ್. ಅಕ್ಕನ ಮದುವೆಯದು ಎರಡು, ನನ್ನ ಉಪನಯನದ್ದು ಒಂದು, ಅಜ್ಜನ ಅರವತ್ತರ ಶಾಂತಿಯದ್ದು ಒಂದು. ಉಳಿದವು ಏನು ಅಂತ ಯಾರಿಗೂ ಗೊತ್ತಿಲ್ಲ, ಲೇಬಲ್ ಉದುರಿಹೋಗಿದೆ. ಮನೆ ಇರುವುದು ತೀರ್ಥಹಳ್ಳಿ ಹತ್ತಿರ. ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು, ಕ್ಯಾಸೆಟ್ಟನ್ನು ಬಿಡುತ್ತದಾ?

ಸುಮಾರು 15 ವರ್ಷದ ಹಿಂದೆ ಒಂದು ಅಂಗಡಿಗೆ ಕೊಟ್ಟು ಮದುವೆ ಕ್ಯಾಸೆಟ್ಟನ್ನು ಡಿವಿಡಿ ಮಾಡಿಸಿದ್ದೆವು. ಅವರು ಅಗಲದ ಟಿವಿಗೆ ಸರಿಹೋಗಲಿ ಅಂತ ಚಿತ್ರವನ್ನು ಎಳೆದುಬಿಟ್ಟಿದ್ದರು. ಮದುಮಗಳಿಂದ ಹಿಡಿದು ಅಡುಗೆ ಭಟ್ಟರವರೆಗೆ ಎಲ್ಲರ ಮುಖವೂ ಕುಂಬಳಕಾಯಿ. ಮೂಲೆಯಲ್ಲಿ ಅಂಗಡಿಯ ಫೋನ್ ನಂಬರ್ ಬೇರೆ, ಪೂರ್ತಿ ಮೂರು ಗಂಟೆ. ಈಗ ಆ ಡಿವಿಡಿಯನ್ನು ಯಾವ ಡ್ರೈವೂ ಓದುವುದಿಲ್ಲ. ಹಾಗಾಗಿ ಈ ಸಲ ನಾನೇ ಕೂತೆ. ಎರಡು ಕ್ಯಾಸೆಟ್ ಕೆಡಿಸಿಕೊಂಡು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ, ನೀವು ಅಷ್ಟು ಕೆಡಿಸಿಕೊಳ್ಳಬೇಕಾಗಿಲ್ಲ.

ಮೊದಲು ಡಬ್ಬ ಬಿಚ್ಚಿ, ಬೇರೆ ಮಾಡಿ

ಎಲ್ಲ ಕ್ಯಾಸೆಟ್ಟೂ ಒಂದೇ ಜಾತಿಯಲ್ಲ. ದೊಡ್ಡದು, ಪುಸ್ತಕದಷ್ಟು ಗಾತ್ರದ್ದು ವಿಎಚ್‌ಎಸ್. ಮದುವೆಯವು ಬಹುತೇಕ ಇವೇ. ಅಂಗೈಯಗಲದ ಚಿಕ್ಕದರ ಮೇಲೆ ವಿಎಚ್‌ಎಸ್-ಸಿ ಅಂತ ಬರೆದಿದ್ದರೆ ಅದನ್ನು ಒಂದು ಅಡಾಪ್ಟರ್ ಕ್ಯಾಸೆಟ್ಟಿನೊಳಗೆ ಕೂರಿಸಿ ದೊಡ್ಡ ಯಂತ್ರದಲ್ಲೇ ಹಾಕಬಹುದು. ವಿಡಿಯೋ8 ಅಥವಾ ಹೈ8 ಅಂತ ಇದ್ದರೆ ಹಾಗೆ ಆಗುವುದಿಲ್ಲ, ಆ ಟೇಪಿನ ಅಗಲವೇ ಬೇರೆ. ಅದಕ್ಕೆ ಅದೇ ಜಾತಿಯ ಕ್ಯಾಮೆರಾ ಬೇಕು, ಅಡಾಪ್ಟರ್ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇನ್ನು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಮಿನಿ ಡಿವಿ ಇದ್ದರೆ ಅದು ಅನಲಾಗ್ ಅಲ್ಲವೇ ಅಲ್ಲ. ಅದರಲ್ಲಿರುವುದು ಈಗಾಗಲೇ ಡಿಜಿಟಲ್. ಕ್ಯಾಮೆರಾದಿಂದ ಫೈರ್‌ವೈರ್ ಕೇಬಲಿನಲ್ಲಿ ನೇರ ನಕಲು ಮಾಡಿಕೊಳ್ಳಬೇಕು, ಗಂಟೆಗೆ 13 ಜಿಬಿ ಆಗುತ್ತದೆ, ಒಂದು ಚುಕ್ಕೆಯೂ ಕಳೆಯುವುದಿಲ್ಲ. ಅದನ್ನು ಟಿವಿಗೆ ಸಿಕ್ಕಿಸುವ ಹಳೇ ಅನಲಾಗ್ ಹಳದಿ ವೈರಿನಲ್ಲಿ ಎಳೆದರೆ ಹಾಲಿಗೆ ನೀರು ಹಾಕಿದ ಹಾಗೆ. ಇಲ್ಲಿಂದ ಮುಂದೆ ವಿಎಚ್‌ಎಸ್ ಬಗ್ಗೆ ಮಾತ್ರ.

ಕ್ಯಾಸೆಟ್ಟಿನ ಬೆನ್ನಿನ ಕಡೆ, ಲೇಬಲ್ ಅಂಟಿಸುವ ಅಂಚಿನಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ಎಸಳು ಇರುತ್ತದೆ. ಅದು ಇನ್ನೂ ಇದ್ದರೆ ಸ್ಕ್ರೂಡ್ರೈವರಿನಿಂದ ಮುರಿದುಹಾಕಿ. ಅದು ಇರುವ ತನಕ ಆ ಕ್ಯಾಸೆಟ್ ಮೇಲೆ ಯಾರು ಬೇಕಾದರೂ ರೆಕಾರ್ಡ್ ಬಟನ್ ಒತ್ತಬಹುದು. ನನ್ನ ಉಪನಯನದ ಮಧ್ಯೆ ಹತ್ತು ನಿಮಿಷ ಕ್ರಿಕೆಟ್ ಬರುತ್ತದೆ. ಯಾರು ಮಾಡಿದ್ದು ಅಂತ ಮನೆಯಲ್ಲಿ ಇವತ್ತಿಗೂ ತೀರ್ಮಾನವಾಗಿಲ್ಲ.

ಮತ್ತೊಂದು ವಿಷಯ. ಮದುವೆ ಕ್ಯಾಸೆಟ್ಟಿಗೆ ನಕಲುಗಳು ಇರುತ್ತವೆ. ಗಂಡಿನ ಕಡೆಗೊಂದು, ಹೆಣ್ಣಿನ ಕಡೆಗೊಂದು, ಅಮೆರಿಕದ ಮಾವನಿಗೊಂದು. ಟೇಪಿನಿಂದ ಟೇಪಿಗೆ ನಕಲು ಮಾಡಿದಷ್ಟೂ ಚಿತ್ರ ಮಸುಕಾಗುತ್ತದೆ. ಬೀಗರಿಗೆ ಒಂದು ಫೋನ್ ಮಾಡಿ, ಅವರಲ್ಲಿರುವುದು ನಿಮ್ಮದಕ್ಕಿಂತ ಚೆನ್ನಾಗಿರಬಹುದು. ಸ್ಟುಡಿಯೋದವರು ಮಿಕ್ಸಿಂಗ್ ಮಾಡುವ ಮುಂಚಿನ ಕ್ಯಾಸೆಟ್ ಯಾರ ಹತ್ತಿರವಾದರೂ ಉಳಿದಿದ್ದರಂತೂ ಅದನ್ನೇ ಮೊದಲು ಹಿಡಿಯಿರಿ. ಮಿಕ್ಸಿಂಗ್ ಆದದ್ದರಲ್ಲಿ ಹೃದಯದ ಆಕಾರದೊಳಗೆ ಗಂಡು ಹೆಣ್ಣು ತಿರುಗುತ್ತಾ ಇರುತ್ತಾರೆ, ಮೇಲೆ ಸಿನಿಮಾ ಹಾಡು. ಜನರ ಮಾತೆಲ್ಲ ಆ ಹಾಡಿನಡಿ ಹೋಗಿರುತ್ತದೆ. ಮಾತು ಇರುವುದು ಆ ಹಸಿ ಕ್ಯಾಸೆಟ್ಟಿನಲ್ಲಿ.

ಬೂಷ್ಟು

ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಸುರುಳಿಯನ್ನು ಟಾರ್ಚ್ ಬಿಟ್ಟು ನೋಡಿ. ಕಪ್ಪಗೆ, ಒಂದೇ ಸಮ ಹೊಳೆಯುತ್ತಿದ್ದರೆ ಸರಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ, ಬಿಳಿ ಮಚ್ಚೆ ಕಂಡರೆ ಅದು ಬೂಷ್ಟು. ಬದಿಯಲ್ಲಿರುವ ಚಿಕ್ಕ ಗುಂಡಿ ಒತ್ತಿದರೆ ಮುಂದಿನ ಮುಚ್ಚಳ ಎತ್ತಬಹುದು, ಅಲ್ಲಿ ಒಂದು ತುಂಡು ಟೇಪ್ ಕಾಣುತ್ತದೆ. ಮೂಸಿ ನೋಡಿ. ಮುಗ್ಗು ವಾಸನೆ ಬಂದರೆ ಯಂತ್ರಕ್ಕೆ ಹಾಕಬೇಡಿ.

ಯಾಕೆ ಅಂದರೆ, ಯಂತ್ರದೊಳಗೆ ಟೇಪ್ ಸಾಗುವುದು ಸೆಕೆಂಡಿಗೆ 2.3 ಸೆಂಟಿಮೀಟರ್ ಮಾತ್ರ, ಆಮೆ ನಡಿಗೆ. ಆದರೆ ಅದು ಸುತ್ತಿಕೊಳ್ಳುವ ಡ್ರಮ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಟೇಪಿನಿಂದ ಚಿತ್ರ ಓದುವ, ಕೂದಲಿಗಿಂತ ಸಣ್ಣ ಹೆಡ್ ಅದರ ಅಂಚಿನಲ್ಲಿದೆ. ಬೂಷ್ಟು ಅಲ್ಲಿ ಹೋಗಿ ಕೂತರೆ ಚಿತ್ರ ಪೂರ್ತಿ ಮಾಯ. ಅಷ್ಟೇ ಆದರೆ ಪರವಾಗಿಲ್ಲ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಅದೇ ಯಂತ್ರ ಬೂಷ್ಟು ಹಚ್ಚುತ್ತದೆ. ನಾನು ಕೆಡಿಸಿದ ಎರಡರಲ್ಲಿ ಒಂದು ಹೀಗೇ ಕೆಟ್ಟಿದ್ದು.

ಏನು ಮಾಡಬೇಕು? ಮೊದಲು ಒಣಗಿಸಬೇಕು. ಹಪ್ಪಳ ಸಂಡಿಗೆ ಹಾಗೆ ಬಿಸಿಲಿಗೆ ಇಡಬೇಡಿ, ಟೇಪ್ ಸುರುಟಿಕೊಳ್ಳುತ್ತದೆ. ಹೇರ್ ಡ್ರೈಯರ್ ಬೇಡವೇ ಬೇಡ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಎರಡು ವಾರ ಇಡಿ. ಒಣಗಿದ ಬೂಷ್ಟು ಪುಡಿಯಾಗುತ್ತದೆ. ಆಮೇಲೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮನೆ ಹೊರಗೆ ಕೂತು, ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿ, ಸುರುಳಿಯ ಅಂಚನ್ನು ಮೆತ್ತನೆಯ ಒಣ ಬ್ರಶ್ಶಿನಿಂದ ಸವರಬಹುದು. ಬಿಚ್ಚುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ, ಒಳಗಿನ ಚಿಕ್ಕ ಸ್ಪ್ರಿಂಗ್ ಎಲ್ಲಿತ್ತು ಅಂತ ಆಮೇಲೆ ನೆನಪಾಗುವುದಿಲ್ಲ. ಹಳೇ ಸಿನಿಮಾ ಕ್ಯಾಸೆಟ್ ಒಂದಿದ್ದರೆ ಅದರ ಒಳಗಿನದನ್ನು ತೆಗೆದು, ನಿಮ್ಮ ಸುರುಳಿಗಳನ್ನು ಅದರ ಚಿಪ್ಪಿಗೆ ಹಾಕಿಬಿಡುವುದು ಇನ್ನೂ ಒಳ್ಳೆಯದು. ಸುರುಳಿಯ ಒಳಪದರದವರೆಗೂ ಬಿಳಿ ಹಿಡಿದಿದ್ದರೆ ಮಾತ್ರ ಕೈ ಹಾಕಬೇಡಿ. ಅದನ್ನು ಇದೇ ಕೆಲಸ ಮಾಡುವವರಿಗೆ ಕೊಡಿ.

ಯಂತ್ರ ಹುಡುಕುವುದು

ಕ್ಯಾಸೆಟ್ ಓಡಿಸುವ ಯಂತ್ರ, ಅಂದರೆ ವಿಸಿಆರ್, ಹೊಸದು ಈಗ ಎಲ್ಲೂ ತಯಾರಾಗುವುದಿಲ್ಲ. ಕೊನೆಯದಾಗಿ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ನಿಲ್ಲಿಸಿತು. ಹಾಗಾಗಿ ನಿಮಗೆ ಸಿಗುವುದೆಲ್ಲ ಹಳೆಯದೇ. ಮೊದಲು ನೆಂಟರ ಮನೆಯಲ್ಲಿ ಕೇಳಿ, ಹತ್ತರಲ್ಲಿ ಒಬ್ಬರ ಮನೆಯಲ್ಲಿ ಟಿವಿ ಸ್ಟ್ಯಾಂಡಿನ ಕೆಳಗೆ ಕ್ರೋಶಾ ಬಟ್ಟೆ ಹೊದ್ದು ಕೂತಿರುತ್ತದೆ. ಬೆಂಗಳೂರಿನಲ್ಲಿದ್ದರೆ ಎಸ್‌ಪಿ ರೋಡ್ ಸುತ್ತ, ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆಯಲ್ಲಿ ಅದೃಷ್ಟ ನೋಡಬಹುದು. ರೆಕಾರ್ಡ್ ಆಗದ, ಬರೀ ಪ್ಲೇ ಆಗುವ ವಿಸಿಪಿ ಸಿಕ್ಕರೂ ನಮ್ಮ ಕೆಲಸಕ್ಕೆ ಸಾಕು. ಊರಿನ ಹಳೇ ಟಿವಿ ರಿಪೇರಿಯವರನ್ನು ಮರೆಯಬೇಡಿ. ನನ್ನ ಯಂತ್ರದ ರಬ್ಬರ್ ಬೆಲ್ಟ್ ಸಡಿಲವಾಗಿ ಟೇಪ್ ಸುತ್ತಿಕೊಳ್ಳದೆ ಒಳಗೇ ಉಗುಳುತ್ತಿತ್ತು, ಅಂಥ ಒಬ್ಬರು ಅರ್ಧ ಗಂಟೆಯಲ್ಲಿ ಸರಿ ಮಾಡಿಕೊಟ್ಟರು, ಕಾಫಿ ಮಾತ್ರ ಕುಡಿದರು.

ಮೊದಲ ದಿನವೇ ಮದುವೆ ಕ್ಯಾಸೆಟ್ ಹಾಕಬೇಡಿ. ಹೋದರೂ ಹೋಗಲಿ ಅನ್ನುವಂಥ ಒಂದು ಕ್ಯಾಸೆಟ್ ಹಾಕಿ, ಪ್ಲೇ ಮಾಡಿ, ಮುಂದೆ ಹಿಂದೆ ಓಡಿಸಿ, ಹೊರಗೆ ತೆಗೆದು ಟೇಪಿನ ಅಂಚು ಸುಕ್ಕಾಗಿದೆಯಾ ನೋಡಿ. ಅರ್ಧ ಗಂಟೆ ಸರಿಯಾಗಿ ಓಡಿದರೆ ಆಮೇಲೆ ನಿಮ್ಮದು.

ಹೆಡ್ ಕ್ಲೀನ್ ಮಾಡುವುದು ಎಲ್ಲರೂ ತಪ್ಪು ಮಾಡುವ ಜಾಗ. ನಮ್ಮೂರಿನಲ್ಲಿ ಹೊಸ ನೋಟು ಮಡಚಿ ಉಜ್ಜುತ್ತಿದ್ದರು, ಸೆಂಟ್ ಹಾಕಿ ಒರೆಸುವವರೂ ಇದ್ದರು. ಅದೆಲ್ಲ ಬೇಡ. ಪ್ಲಗ್ ಕೀಳಿ. ಮೇಲಿನ ಮುಚ್ಚಳ ತೆಗೆಯಿರಿ, ಕರೆಂಟ್ ಸಪ್ಲೈ ಇರುವ ಮೂಲೆಯನ್ನು ಮುಟ್ಟಬೇಡಿ. ಸ್ಟೀಲ್ ಲೋಟ ಬೋರಲು ಹಾಕಿ ಸ್ವಲ್ಪ ಓರೆ ಮಾಡಿಟ್ಟ ಹಾಗೆ ಕಾಣುವುದೇ ಡ್ರಮ್. ಬಿಳಿ ಹಾಳೆಯ ಒಂದು ಪಟ್ಟಿಯನ್ನು 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒದ್ದೆ ಮಾಡಿ, ಡ್ರಮ್ಮಿಗೆ ಮೆಲ್ಲಗೆ ತಾಗಿಸಿ ಹಿಡಿಯಿರಿ. ಕೈ ಅಲ್ಲಾಡಬಾರದು. ಇನ್ನೊಂದು ಕೈಯಿಂದ ಡ್ರಮ್ಮಿನ ತಲೆ ಹಿಡಿದು ನಿಧಾನ ನಾಲ್ಕೈದು ಸುತ್ತು ತಿರುಗಿಸಿ. ಪಟ್ಟಿಯ ಮೇಲೆ ಕಂದು ಗೆರೆ ಬರುತ್ತದೆ. ಹೊಸ ಪಟ್ಟಿ ತೆಗೆದುಕೊಂಡು ಮತ್ತೆ ತಿರುಗಿಸಿ, ಗೆರೆ ಬರದಿರುವ ತನಕ. ಮೇಲೆ ಕೆಳಗೆ ಮಾತ್ರ ಉಜ್ಜಲೇಬೇಡಿ, ಹೆಡ್ ಮುರಿಯುತ್ತದೆ. ಕಿವಿ ಕಡ್ಡಿಯನ್ನೂ ಡ್ರಮ್ಮಿಗೆ ತಾಗಿಸಬೇಡಿ, ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಪಕ್ಕದ ರಬ್ಬರ್ ರೋಲರಿಗೆ, ಕಂಬಗಳಿಗೆ ಬೇಕಾದರೆ ಕಡ್ಡಿ ಬಳಸಿ. ಕಾಲು ಗಂಟೆ ಒಣಗಲು ಬಿಡಿ.

ವೈರು, ಡಾಂಗಲ್, ಸಾಫ್ಟ್‌ವೇರ್

ಯಂತ್ರದ ಹಿಂದೆ ಹಳದಿ, ಬಿಳಿ, ಕೆಂಪು ತೂತುಗಳಿರುತ್ತವೆ. ಹಳದಿ ಚಿತ್ರಕ್ಕೆ, ಉಳಿದವು ಶಬ್ದಕ್ಕೆ. ಬಿಳಿ ಒಂದೇ ಇದ್ದರೆ ಗಾಬರಿಯಾಗಬೇಡಿ, ನಿಮ್ಮ ಯಂತ್ರ ಮೋನೋ ಅಷ್ಟೇ. ಆಂಟೆನಾ ವೈರ್ ಸಿಕ್ಕಿಸುವ ತೂತಿನಿಂದ ಮಾತ್ರ ಚಿತ್ರ ತೆಗೆಯಬೇಡಿ, ಅದು ತೀರಾ ಕಳಪೆ.

ಈ ವೈರುಗಳನ್ನು ಕಂಪ್ಯೂಟರಿಗೆ ಸೇರಿಸಲು ಯುಎಸ್‌ಬಿ ಕ್ಯಾಪ್ಚರ್ ಡಾಂಗಲ್ ಬೇಕು. ಈಸಿಕ್ಯಾಪ್ ಹೆಸರಿನಲ್ಲಿ ಬರುವ ಅಗ್ಗದವು ಲಾಟರಿ ಇದ್ದ ಹಾಗೆ, ಹೊರಗೆ ಒಂದೇ ಡಬ್ಬ, ಒಳಗೆ ಬೇರೆ ಬೇರೆ ಚಿಪ್. ನನ್ನ ಮೊದಲನೆಯದರಲ್ಲಿ ಶಬ್ದವೇ ಬರಲಿಲ್ಲ, ಎರಡನೆಯದು ಚೆನ್ನಾಗಿ ಕೆಲಸ ಮಾಡಿತು. ಕೈಯಲ್ಲಿ ದುಡ್ಡಿದ್ದರೆ ಹೊಪಾಗ್ ಅಥವಾ ಎಲ್ಗಾಟೋ ತರಹದ್ದು ಸೆಕೆಂಡ್ ಹ್ಯಾಂಡ್ ಆದರೂ ನೋಡಿ. ಮೂರು ತೂತಿನ ಒಂದು ಚಿಕ್ಕ ಡಬ್ಬ ಎಚ್‌ಡಿಎಂಐಗೆ ಬದಲಾಯಿಸಿ ಕೊಡುತ್ತದೆ ಅಂತ ಮಾರುತ್ತಾರಲ್ಲ, ಅದನ್ನು ನಾನು ಬೇಡ ಅಂತಲೇ ಹೇಳುತ್ತೇನೆ. ಅದು ಚಿತ್ರವನ್ನು ತನ್ನಿಷ್ಟಕ್ಕೆ ಎಳೆದು ಅಗಲ ಮಾಡುತ್ತದೆ. ಮತ್ತೆ ಕುಂಬಳಕಾಯಿ.

ಸಾಫ್ಟ್‌ವೇರಿಗೆ ದುಡ್ಡು ಬೇಡ. ಒಬಿಎಸ್ ಸ್ಟುಡಿಯೋ ಉಚಿತ. ಅದರಲ್ಲಿ ವಿಡಿಯೋ ಕ್ಯಾಪ್ಚರ್ ಡಿವೈಸ್ ಸೇರಿಸಿ ನಿಮ್ಮ ಡಾಂಗಲ್ ಆರಿಸಿಕೊಳ್ಳಿ. ವಿಡಿಯೋ ಪದ್ಧತಿ ಪಾಲ್ ಬಿ, ರೆಸಲ್ಯೂಷನ್ 720 ಗುಣಿಸು 576. ನಮ್ಮ ದೇಶದ ಟಿವಿ ಪದ್ಧತಿ ಪಾಲ್. ಅದರಲ್ಲಿ ಕಾಣುವ ಗೆರೆಗಳು 576, ಅದಕ್ಕೇ ಆ ಸಂಖ್ಯೆ. 1080 ಇಟ್ಟರೆ ಇನ್ನೂ ಚೆನ್ನಾಗಿ ಬರುತ್ತದೆ ಅಂತ ಆಸೆ ಪಡಬೇಡಿ. ಟೇಪಿನಲ್ಲಿ ಇಲ್ಲದ್ದು ಕಂಪ್ಯೂಟರಿಗೆ ಎಲ್ಲಿಂದ ಬರಬೇಕು? ಒಬಿಎಸ್‌ನ ಕ್ಯಾನ್ವಾಸನ್ನು 768 ಗುಣಿಸು 576 ಇಟ್ಟು ಚಿತ್ರವನ್ನು ಅದಕ್ಕೆ ತುಂಬಿಸಿದರೆ ಹಳೇ ಟಿವಿಯ 4:3 ಅಳತೆ ಸರಿಯಾಗಿ ಬರುತ್ತದೆ, ಮುಖಗಳು ಮುಖದ ಹಾಗೇ ಇರುತ್ತವೆ.

ಈಗ ಯಾರಾದರೂ ಕೈ ಬೀಸಿದಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಕಾಣುತ್ತದೆ. ಟೇಪ್ ಕೆಟ್ಟಿದೆ ಅಂದುಕೊಳ್ಳಬೇಡಿ. ಹಳೇ ಟಿವಿ ಚಿತ್ರ ಎರಡು ಅರ್ಧವಾಗಿ ಬರುತ್ತಿತ್ತು. ಒಂದು ಸಲ ಬೆಸ ಗೆರೆ, ಒಂದು ಸಲ ಸಮ ಗೆರೆ, ಸೆಕೆಂಡಿಗೆ ಇಂಥ 50 ಅರ್ಧಗಳು. ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ತೋರಿಸಿದಾಗ ಹಲ್ಲು ಕಾಣುತ್ತದೆ. ಡಾಂಗಲ್ ಸೋರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ, ಡಿಇಂಟರ್ಲೇಸಿಂಗ್‌ನಲ್ಲಿ ಯಾಡಿಫ್ 2ಎಕ್ಸ್ ಆರಿಸಿ, ಸೆಟ್ಟಿಂಗ್ಸ್‌ನಲ್ಲಿ ಸೆಕೆಂಡಿಗೆ 50 ಫ್ರೇಮ್ ಇಡಿ. ನಡೆಯುವವರು ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಇಟ್ಟ ಹಾಗೆ ಕಂಡರೆ ಅಲ್ಲೇ ಇರುವ ಟಾಪ್ ಫೀಲ್ಡ್ ಬದಲು ಬಾಟಮ್ ಫೀಲ್ಡ್ ಮಾಡಿ.

ರೆಕಾರ್ಡಿಂಗ್ ಎಂಕೆವಿ ಫೈಲಿನಲ್ಲಿ ಇರಲಿ. ಮಧ್ಯೆ ಕಂಪ್ಯೂಟರ್ ನಿಂತರೂ ಅಲ್ಲಿಯವರೆಗಿನದು ಉಳಿಯುತ್ತದೆ, ಎಂಪಿ4 ಆದರೆ ಪೂರ್ತಿ ಫೈಲೇ ಹೋಗಬಹುದು. ಇದಕ್ಕಿಂತ ಮೇಲಿನ ದಾರಿಯೂ ಇದೆ. ವರ್ಚುವಲ್‌ಡಬ್ ಅನ್ನುವ ಸಾಫ್ಟ್‌ವೇರಿನಲ್ಲಿ ಹಫ್‌ವೈಯುವಿ ಅನ್ನುವ ಕೋಡೆಕ್ ಹಾಕಿ ಏನೂ ಕಳೆಯದೆ ಹಿಡಿದಿಟ್ಟು, ಗೆರೆ ತೆಗೆಯುವುದನ್ನು ಆಮೇಲೆ ಮಾಡುವುದು. ಗಂಟೆಗೆ 30 ಜಿಬಿ ಮೇಲೆಯೇ ಬೇಕು. ನಾನು ಅಕ್ಕನ ಮದುವೆಗೆ ಮಾತ್ರ ಹಾಗೆ ಮಾಡಿದೆ, ಉಳಿದವಕ್ಕೆ ಒಬಿಎಸ್ ಸಾಕಾಯಿತು.

ಶಬ್ದ ಬರುತ್ತಿಲ್ಲವಾ? ಡಾಂಗಲ್ಲಿನ ಶಬ್ದವನ್ನು ವಿಂಡೋಸ್ ಒಂದು ಮೈಕ್ ಅಂತ ತಿಳಿಯುತ್ತದೆ. ಮೈಕ್ ಅನುಮತಿ ಕೊಟ್ಟಿದ್ದೀರಾ ನೋಡಿ. ನಾನು ಇದು ಗೊತ್ತಿಲ್ಲದೆ ಮೂರು ಗಂಟೆಯ ಮೂಕಿ ಮದುವೆ ರೆಕಾರ್ಡ್ ಮಾಡಿದ್ದೆ. ವಾಲ್ಯೂಮ್ ಎಷ್ಟಿಡಬೇಕು ಅನ್ನುವುದಕ್ಕೆ ನಮ್ಮ ಮದುವೆಗಳಲ್ಲಿ ಒಂದು ಸುಲಭದ ಗುರುತು ಇದೆ. ಕ್ಯಾಸೆಟ್ಟನ್ನು ಮುಹೂರ್ತದ ಹೊತ್ತಿಗೆ ಓಡಿಸಿ. ಪುರೋಹಿತರು ಕೈ ಎತ್ತುತ್ತಾರೆ, ಗಟ್ಟಿಮೇಳ ಶುರುವಾಗುತ್ತದೆ. ಇಡೀ ಕ್ಯಾಸೆಟ್ಟಿನಲ್ಲಿ ಅದಕ್ಕಿಂತ ಜೋರು ಶಬ್ದ ಇನ್ನೊಂದಿಲ್ಲ. ಆಗ ಒಬಿಎಸ್‌ನ ಶಬ್ದದ ಪಟ್ಟಿ ಮೈನಸ್ 6 ಡೆಸಿಬೆಲ್ ಆಸುಪಾಸಿನಲ್ಲಿ ನಿಂತರೆ ಸರಿ, ಕೆಂಪಿನ ತುದಿಗೆ ಹೊಡೆಯುತ್ತಿದ್ದರೆ ಇಳಿಸಿ. ಒಡೆದ ನಾದಸ್ವರವನ್ನು ಆಮೇಲೆ ಯಾರೂ ಸರಿ ಮಾಡಲಾರರು.

ಓಡಿಸುವ ದಿನ

ವರ್ಷಗಟ್ಟಲೆ ಸುಮ್ನೆ ಕೂತ ಟೇಪ್ ಒಂದಕ್ಕೊಂದು ಅಂಟಿಕೊಂಡಿರಬಹುದು. ಮೊದಲು ಒಂದು ಸಲ ಕೊನೆಯವರೆಗೆ ಓಡಿಸಿ, ಮತ್ತೆ ಮೊದಲಿಗೆ ತನ್ನಿ. ಕಿರ್ ಕಿರ್ ಶಬ್ದ ಬಂದರೆ, ತಡೆದು ತಡೆದು ಓಡಿದರೆ ಅಲ್ಲೇ ನಿಲ್ಲಿಸಿ. ಸರಿ ಇದ್ದರೆ ಪ್ಲೇ ಮಾಡಿ, ಗೆರೆ ಹರಿದಾಡಿದರೆ ಟ್ರ್ಯಾಕಿಂಗ್ ಗುಂಡಿಯನ್ನು ನಿಧಾನ ತಿರುಗಿಸಿ. ಚಿತ್ರದ ಜೊತೆ ಶಬ್ದವನ್ನೂ ಕೇಳಿಕೊಂಡೇ ತಿರುಗಿಸಿ, ಕೆಲವು ಸಲ ಚಿತ್ರ ಚೆನ್ನಾಗಾದ ಜಾಗದಲ್ಲಿ ಶಬ್ದ ಗೊರಗೊರ ಅನ್ನುತ್ತದೆ. ಚಿತ್ರದ ತೀರಾ ಕೆಳಗೆ ಒಂದು ತೆಳು ಪಟ್ಟಿ ಯಾವಾಗಲೂ ನಡುಗುತ್ತಿರುತ್ತದೆ. ಅದು ಎಲ್ಲ ವಿಎಚ್‌ಎಸ್‌ನಲ್ಲೂ ಇರುವುದೇ, ಟಿವಿಯ ಚೌಕಟ್ಟು ಅದನ್ನು ಮುಚ್ಚುತ್ತಿತ್ತು. ಆಮೇಲೆ ಕತ್ತರಿಸಿದರಾಯಿತು.

ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು, ಬೇಗ ಮಾಡುವ ದಾರಿ ಇಲ್ಲ. ಲ್ಯಾಪ್‌ಟಾಪ್ ನಿದ್ದೆ ಹೋಗದ ಹಾಗೆ ಮಾಡಿ, ಅಪ್‌ಡೇಟ್ ನಿಲ್ಲಿಸಿ. ವಿಸಿಆರ್ ಅನ್ನು ಯುಪಿಎಸ್‌ಗೆ ಸಿಕ್ಕಿಸಿ. ನಮ್ಮೂರಲ್ಲಿ ಗುಡುಗು ಕೇಳಿದರೆ ಸಾಕು, ಕರೆಂಟ್ ಹೋಗುತ್ತದೆ. ಹಾಗೆ ಹೋದಾಗ ಟೇಪ್ ಡ್ರಮ್ಮಿಗೆ ಸುತ್ತಿಕೊಂಡೇ ನಿಂತಿರುತ್ತದೆ. ಎಳೆಯಬೇಡಿ. ಕರೆಂಟ್ ಬಂದ ಮೇಲೆ ಯಂತ್ರ ತಾನೇ ಬಿಡಿಸಿಕೊಂಡು ಹೊರಗೆ ಕೊಡುತ್ತದೆ. ನಾನು ಕೆಡಿಸಿದ ಎರಡನೇ ಕ್ಯಾಸೆಟ್ಟು ಈ ಅವಸರಕ್ಕೆ ಬಲಿ. ತುಂಡಾದರೆ ಸೆಲ್ಲೋಟೇಪ್ ಹಾಕಬೇಡಿ, ಅದರ ಅಂಟು ಹೆಡ್ಡಿಗೆ ಹೋಗುತ್ತದೆ. ಟೇಪ್ ಜೋಡಿಸಲಿಕ್ಕೆಂದೇ ಸ್ಪ್ಲೈಸಿಂಗ್ ಟೇಪ್ ಸಿಗುತ್ತದೆ, ಅದನ್ನೇ ಹೊಳೆಯದ ಬದಿಯೋ ಹೊಳೆಯುವ ಬದಿಯೋ ಅಂತ ತಲೆಕೆಡಿಸಿಕೊಳ್ಳದೆ, ಹೆಡ್ಡಿಗೆ ತಾಗದ ಒಳಬದಿಗೆ ಹಾಕಿ.

ಅಮೆರಿಕದಿಂದ ಮಾವ ಕಳಿಸಿದ ಕ್ಯಾಸೆಟ್ ಹಾಕಿದಾಗ ಚಿತ್ರ ಕಪ್ಪು ಬಿಳುಪಾಗಿ ಉರುಳುತ್ತಿದ್ದರೆ ಅದು ಎನ್‌ಟಿಎಸ್‌ಸಿ, ಅಮೆರಿಕದ ಟಿವಿ ಪದ್ಧತಿ. ಅದಕ್ಕೆ ಎರಡೂ ಪದ್ಧತಿ ಓದುವ ವಿಸಿಆರ್ ಬೇಕು, ಒಬಿಎಸ್‌ನಲ್ಲಿ ಪಾಲ್ ಬದಲು ಎನ್‌ಟಿಎಸ್‌ಸಿ, 720 ಗುಣಿಸು 480 ಮಾಡಬೇಕು. ಅಲ್ಲಿರುವ ನಮ್ಮವರಿಗೆ ಇದೇ ಕಥೆ ತಿರುವುಮುರುವು, ಇಲ್ಲಿಂದ ಒಯ್ದ ಮದುವೆ ಕ್ಯಾಸೆಟ್ ಅಲ್ಲಿನ ಸಾಮಾನ್ಯ ಯಂತ್ರದಲ್ಲಿ ಓಡುವುದಿಲ್ಲ. ಊರಿಗೆ ಬಂದಾಗ ತಂದು ಇಲ್ಲೇ ಮಾಡಿಸಿಕೊಳ್ಳಲಿ.

ಇನ್ನು ಆ ಮೂರು ಗಂಟೆ. ರೆಕಾರ್ಡ್ ಒತ್ತಿ ಎದ್ದು ಹೋಗಬೇಡಿ, ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊಬೈಲಿನಲ್ಲಿ ವಾಯ್ಸ್ ರೆಕಾರ್ಡರ್ ಹಾಕಿ ಮೇಜಿನ ಮೇಲಿಡಿ. ನಾನು ದೊಡ್ಡಮ್ಮನನ್ನು ಕೂರಿಸಿದ್ದೆ. ಊಟದ ಪಂಕ್ತಿ ಬಂತು. ಕ್ಯಾಮೆರಾದವನು ಹ್ಯಾಲೊಜನ್ ದೀಪ ಹಿಡಿದುಕೊಂಡು ಒಂದೊಂದೇ ಮುಖದ ಮುಂದೆ ನಿಲ್ಲುತ್ತಾನೆ, ಜನ ಪಾಯಸ ಬಾಯಿಗಿಡಲಾಗದೆ ನಾಚುತ್ತಾರೆ. ನನಗೆ ಅವರಲ್ಲಿ ಅರ್ಧ ಜನ ಯಾರೋ ಏನೋ. ದೊಡ್ಡಮ್ಮ, “ಇದು ಶೃಂಗೇರಿ ಅತ್ತೆ ಮೈದುನ, ಇವನು ಆಗಿನ್ನೂ ಬ್ಯಾಂಕಿಗೆ ಸೇರಿರ್ಲಿಲ್ಲ, ಈ ಹುಡುಗಿಗೆ ಮುಂದಿನ ವರ್ಷವೇ ಮದುವೆ ಆಯ್ತು ನೋಡು” ಅಂತ ಹೇಳುತ್ತಾ ಹೋದರು. ಅದನ್ನೆಲ್ಲ ಆಮೇಲೆ ನಿಮಿಷದ ಲೆಕ್ಕದಲ್ಲಿ ಒಂದು ಕಡತದಲ್ಲಿ ಬರೆದು ವಿಡಿಯೋ ಪಕ್ಕದಲ್ಲೇ ಇಟ್ಟಿದ್ದೇನೆ. ಟೇಪನ್ನು ಇನ್ನೂ ಹತ್ತು ವರ್ಷ ಬಿಟ್ಟು ಇಳಿಸಿದರೂ ಏನಾದರೂ ಸಿಗಬಹುದು, ಈ ಹೆಸರುಗಳು ಸಿಗುವುದಿಲ್ಲ.

ಆಮೇಲಿನ ಕೆಲಸ

ರೆಕಾರ್ಡ್ ಆದ ಮೂಲ ಫೈಲನ್ನು ಹಾಗೇ ಇಟ್ಟು, ನೋಡಲಿಕ್ಕೆ ಒಂದು ಚಿಕ್ಕದು ಮಾಡಿಕೊಳ್ಳಿ. ಅದಕ್ಕೆ ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು. ವಿಡಿಯೋ ಕೋಡೆಕ್ ಎಚ್.264, ಗುಣಮಟ್ಟದ ಅಳತೆ ಆರ್‌ಎಫ್ 18 ಅಥವಾ 20 ಇಟ್ಟು, ಕೆಳಗಿನ ನಡುಗುವ ಪಟ್ಟಿಯನ್ನು ಕ್ರಾಪ್ ಮಾಡಿ. ಶಬ್ದ ಒಂದೇ ಕಿವಿಯಲ್ಲಿ ಬರುತ್ತಿದ್ದರೆ ಮೋನೋ ಆರಿಸಿ. ಎಐ ಹಾಕಿ ಹೊಳಪು ಕೊಡುವ ಆಪ್‌ಗಳಿವೆ. ಅಜ್ಜಿಯ ಮುಖಕ್ಕೆ ಹಾಕಿ ನೋಡಿದೆ, ಯಾರೋ ಧಾರಾವಾಹಿ ಅಜ್ಜಿ ಬಂದಳು. ಅಳಿಸಿಹಾಕಿದೆ.

ಫೈಲಿಗೆ ವರ್ಷದಿಂದ ಶುರುವಾಗುವ ಹೆಸರಿಡಿ, 1994 ಅಕ್ಕನ ಮದುವೆ ಧಾರೆ ಅಂತ. ಸಾಲಾಗಿ ಕೂರುತ್ತವೆ. ಒಂದು ನಕಲು ನಿಮ್ಮ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ತಮ್ಮನದೋ ತಂಗಿಯದೋ ಮನೆಯಲ್ಲಿ. ಗೂಗಲ್ ಡ್ರೈವಿನ ಉಚಿತ 15 ಜಿಬಿಯಲ್ಲಿ ಒಂದು ಮದುವೆ ಹಿಡಿಯಬಹುದು, ಅಷ್ಟೇ. ವಾಟ್ಸಾಪಿನಲ್ಲಿ ವಿಡಿಯೋ ಅಂತ ಕಳಿಸಿದರೆ ಹಿಂಡಿ ಹಿಪ್ಪೆ ಮಾಡುತ್ತದೆ, ಡಾಕ್ಯುಮೆಂಟ್ ಅಂತ 2 ಜಿಬಿವರೆಗಿನ ತುಂಡು ಮಾಡಿ ಕಳಿಸಿ. ಯೂಟ್ಯೂಬಿಗೆ ಹಾಕುವವರಿಗೆ ಒಂದು ಮಾತು: ಮಿಕ್ಸಿಂಗ್‌ನಲ್ಲಿ ಹಾಕಿದ ಸಿನಿಮಾ ಹಾಡುಗಳಿಗೆ ಕಾಪಿರೈಟ್ ನೋಟಿಸ್ ಬರುತ್ತದೆ, ಪ್ರೈವೇಟ್ ಇಟ್ಟರೂ ಬರಬಹುದು, ಕೆಲವು ಹಾಡಿಗೆ ವಿಡಿಯೋ ತೆರೆಯುವುದೇ ಇಲ್ಲ.

ಇಷ್ಟೆಲ್ಲ ಆಗುವುದಿಲ್ಲ, ಅಂಗಡಿಗೇ ಕೊಡುತ್ತೇನೆ ಅಂದರೆ ತಪ್ಪೇನಿಲ್ಲ. ಕೇಳಬೇಕಾದ್ದನ್ನು ಕೇಳಿ ಕೊಡಿ. ಡಿವಿಡಿ ಬೇಡ, ಪೆನ್ ಡ್ರೈವಿನಲ್ಲಿ ಫೈಲ್ ಬೇಕು. ಚಿತ್ರ 4:3 ಇರಬೇಕು. ಮೂಲೆಯಲ್ಲಿ ಅಂಗಡಿ ಹೆಸರು ಬೇಡ. ಕ್ಯಾಸೆಟ್ ವಾಪಸ್ ಕೊಡಬೇಕು. ಮೊದಲು ಒಂದೇ ಒಂದು ಕೊಟ್ಟು ನೋಡಿ, ಡಬ್ಬವನ್ನೇ ಹೊತ್ತುಕೊಂಡು ಹೋಗಬೇಡಿ.

ಇಳಿಸಿದ ಮೇಲೆ ಕ್ಯಾಸೆಟ್ ಎಸೆಯಬೇಡಿ. ಮೊದಲಿಗೆ ಸುತ್ತಿ, ಪುಸ್ತಕದ ಹಾಗೆ ನಿಲ್ಲಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಇಡಿ. ಸ್ಪೀಕರ್ ಪಕ್ಕ ಬೇಡ, ಅದರಲ್ಲಿ ಆಯಸ್ಕಾಂತ ಇರುತ್ತದೆ. ನನ್ನ ವಿಸಿಆರ್ ಈಗ ಸಾಗರದಲ್ಲಿ ಚಿಕ್ಕಪ್ಪನ ಮನೆಗೆ ಹೋಗಿದೆ. ಅವರದು 11 ಕ್ಯಾಸೆಟ್ ಇದೆಯಂತೆ, ಎರಡಕ್ಕೆ ಬಿಳಿ ಹಿಡಿದಿದೆಯಂತೆ. ಮಳೆ ಶುರುವಾಗುವ ಮುಂಚೆ ಸಿಲಿಕಾ ಜೆಲ್ ಕಳಿಸಿದ್ದೇನೆ.